ಒಂದೇ ಸರ್ವೆ ನಂಬರಿನ ನಲವತ್ಮೂರು ಮನೆ

೧೨ ಜನವರಿ ೨೦೦೯, ಸೋಮವಾರ. ಹೊನ್ನಾವರ

ಗಂಟಲು ಹೋಯಿತು. ಇಪ್ಪತ್ತೆರಡು ಜನ ಸರಕಾರಿ ನೌಕರರಿಗೆ ಎಂಟು ಕಂಪ್ಯೂಟರ್. ಅದರಲ್ಲಿ ಎರಡು ಬೆಳಿಗ್ಗೆಯೇ ಕೈಕೊಟ್ಟವು, ಹನ್ನೊಂದೂವರೆಗೆ ಕರೆಂಟು ಹೋಯಿತು. ಕರೆಂಟು ಬರುವ ತನಕ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕಂಪ್ಯೂಟರಿನ ಚಿತ್ರ ಬರೆದು ಪಾಠ ಮಾಡಿದೆ. ಹನ್ನೊಂದು ವರ್ಷ ಖಾಸಗಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನಿಗೆ, ಆ ಕಾಲೇಜು ಬಾಗಿಲು ಹಾಕಿದ ಮೇಲೆ ಸಿಕ್ಕಿದ ಕೆಲಸ ಇದು: ‘ತರಬೇತುದಾರ, ಗುತ್ತಿಗೆ ಆಧಾರದ ಮೇಲೆ, ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳು.’ ನಾಳೆಯಿಂದ ಬರಬೇಡಿ ಎಂದು ಯಾವ ದಿನ ಬೇಕಾದರೂ ಹೇಳಬಹುದಾದ ಕೆಲಸ.

ಕೆಲಸವೇನೋ ದೊಡ್ಡದೇ. ಕಡಲು ವರ್ಷ ವರ್ಷ ಒಳಗೆ ಬರುತ್ತಿದೆ, ಮಳೆ ಹೇಳಿದ ಹೊತ್ತಿಗೆ ಬರುತ್ತಿಲ್ಲ. ಹವಾಮಾನ ಹೀಗೆ ಕೆಟ್ಟರೆ ಕರಾವಳಿಯ ಊರುಗಳು ಹೇಗೆ ಹೊಂದಿಕೊಂಡು ಬದುಕಬೇಕು ಎಂಬ ಯೋಜನೆಯನ್ನು ಇನ್ನು ಅಂದಾಜಿನಲ್ಲಿ ಮಾಡುವುದಿಲ್ಲ, ಅಂಕಿಅಂಶದ ಮೇಲೆ ಮಾಡುತ್ತಾರೆ. ಪ್ರತಿ ಮನೆಗೂ ಕಂಪ್ಯೂಟರಿನಲ್ಲಿ ಒಂದು ಸಾಲು, ನಕಾಶೆಯ ಮೇಲೆ ಒಂದು ಚುಕ್ಕಿ. ಕಡಲಿಗೆ ಎಷ್ಟು ದೂರ, ನೆಲ ಎಷ್ಟು ಎತ್ತರ, ಗೋಡೆ ಮಣ್ಣಿನದೋ ಕಲ್ಲಿನದೋ. ಯಾವ ಕೇರಿಗೆ ಅಪಾಯ ಹೆಚ್ಚು ಎಂಬುದನ್ನು ಯಂತ್ರವೇ ಲೆಕ್ಕ ಹಾಕಿ ಹೇಳುತ್ತದೆ. ಮೂರೂ ತಾಲೂಕು ಸೇರಿ ಮೊದಲ ಐದು ಕೇರಿಗೆ ಈ ಮಳೆಗಾಲದ ಒಳಗೆ ಕಲ್ಲಿನ ತಡೆಗೋಡೆ. ಯಾವ ಪುಢಾರಿಯ ಶಿಫಾರಸೂ ನಡೆಯುವುದಿಲ್ಲ. ಇದನ್ನು ಹೇಳುವಾಗ ನನಗೇ ಮೈ ಜುಮ್ಮೆಂದಿತು. ಎದುರಿಗಿದ್ದವರಲ್ಲಿ ಮೂವರು ತೂಕಡಿಸುತ್ತಿದ್ದರು.

ದುರ್ಗಪ್ಪ ನಾಯ್ಕ ಅಂತ ಒಬ್ಬರು ಗ್ರಾಮಲೆಕ್ಕಿಗರು, ನಿವೃತ್ತಿಗೆ ಎರಡು ವರ್ಷ ಇದೆಯಂತೆ. ಮೌಸನ್ನು ಎತ್ತಿ ಟಿವಿಯ ರಿಮೋಟಿನ ಹಾಗೆ ಪರದೆಗೆ ತೋರಿಸಿದರು. ನಗು ತಡೆಯಲಾಗಲಿಲ್ಲ. ಊಟಕ್ಕೆ ಏಳುವ ಹೊತ್ತಿಗೆ ಕೈ ಎತ್ತಿದರು.

“ಮಾಸ್ತರ್ರೆ, ಒಂದ್ ಕೇಳೂದಿತ್ತು. ನಮ್ ಅಳಿವೆಕೇರಿ ಮನೆಗಳಿಗೆ ಸರ್ವೆ ನಂಬರ್ ಅಂತ ಬೇರೆ ಬೇರೆ ಇಲ್ಲ. ಅವ್ರಿರೂದೇ ಸರಕಾರಿ ಜಾಗದಲ್ಲಿ. ಆ ರಕಾನೆಲಿ ಎಂತ ಬರಿಯೂದು?”

ಕಾಲಮ್ಮಿಗೆ ಇವರು ಇನ್ನೂ ರಕಾನೆ ಎನ್ನುತ್ತಾರೆ, ಮುಂಬಯಿ ಸರಕಾರ ಹೋಗಿ ಐವತ್ತು ವರ್ಷವಾದರೂ. “ಖಾಲಿ ಬಿಟ್ಟರೆ ಯಂತ್ರ ಮುಂದೆ ಹೋಗುವುದಿಲ್ಲ. ಜಾಗ ಯಾವ ನಂಬರಿನಲ್ಲಿದೆಯೋ ಅದನ್ನೇ ಹಾಕಿ ಮಾರಾಯ್ರೆ, ಅದರಲ್ಲಿ ಕೇಳುವುದೆಂತ,” ಎಂದೆ. ಎಲ್ಲರೂ ನಕ್ಕರು. ದುರ್ಗಪ್ಪನವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

೧೬ ಜನವರಿ, ಶುಕ್ರವಾರ. ಭಟ್ಕಳ

ಇಲ್ಲಿ ಊಟ ಚೆನ್ನಾಗಿತ್ತು, ಪಾಠ ಆಗಲಿಲ್ಲ. ಏನು ಕೇಳಿದರೂ “ಮೇಲೆ ಕೇಳ್ಬೇಕು ಸರ್” ಎಂಬ ಒಂದೇ ಉತ್ತರ. ನಿಮ್ಮ ಊರಿನಲ್ಲಿ ಕಡಲಿಗೆ ತಾಗಿದ ಮನೆ ಎಷ್ಟಿವೆ ಎಂದರೆ ಮೇಲೆ ಕೇಳಬೇಕಂತೆ! ಮೇಲೆ ಯಾರಿದ್ದಾರೆ, ದೇವರೆ? ನನಗೆ ಸಿಟ್ಟು ನೆತ್ತಿಗೇರಿ ಬಾಯಿಗೆ ಬಂದದ್ದು ಅಂದೆ. “ಈ ಮಾತು ನಿಮ್ಮ ಬಾಯಿಂದ ಹೋದ ದಿನ ಈ ಜಿಲ್ಲೆ ಉದ್ಧಾರವಾಗುತ್ತದೆ,” ಎಂದೆ. ಯಾರಿಗೂ ಬೇಸರವಾದ ಹಾಗೆ ಕಾಣಲಿಲ್ಲ, ಅದೇ ಇನ್ನಷ್ಟು ಸಿಟ್ಟು ತರಿಸಿತು.

ಮಧ್ಯಾಹ್ನ ಎರಡು ಸಲ ಬಂದ ಹೆಸರು ತೆಗೆಯುವುದನ್ನು ಕಲಿಸಿದೆ. ಒಂದೇ ಮನೆಯನ್ನು ಗ್ರಾಮಲೆಕ್ಕಿಗರೂ ಬರೆಯುತ್ತಾರೆ, ಪಂಚಾಯತಿ ಕಾರ್ಯದರ್ಶಿಯೂ ಬರೆಯುತ್ತಾರೆ. ಸರ್ವೆ ನಂಬರ್ ನೋಡಿ, ಅದೇ ನಂಬರ್ ಮತ್ತೆ ಬಂದರೆ ಯಂತ್ರ ಒಂದನ್ನು ಉಳಿಸಿ ಉಳಿದದ್ದನ್ನು ಅಳಿಸುತ್ತದೆ. ಒಂದು ಗುಂಡಿ ಒತ್ತಿದರೆ ಆಯಿತು. ಇದೊಂದು ಮಾತ್ರ ಎಲ್ಲರಿಗೂ ಇಷ್ಟವಾಯಿತು. ಕೆಲಸ ಕಡಿಮೆ ಮಾಡುವ ಗುಂಡಿ ಯಾರಿಗೆ ಬೇಡ? ಹೊನ್ನಾವರದವರಿಗೂ ಸೋಮವಾರ ಹೇಳಬೇಕು.

೨೯ ಜನವರಿ, ಗುರುವಾರ. ಅಳಿವೆಕೇರಿ

ಇಂದು ಕ್ಷೇತ್ರದ ಪಾಠ. ಜಿಪಿಎಸ್ ಹಿಡಿದುಕೊಂಡು ಕಾಸರಕೋಡ ದಾಟಿ, ಶರಾವತಿ ಕಡಲು ಸೇರುವಲ್ಲಿಗೆ ಹೋದೆವು. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಬರೀ ಮರಳು, ಆ ಹೊಯ್ಗೆಯ ಮೇಲೆ ನಲವತ್ಮೂರು ಮನೆ. ರಸ್ತೆಯ ಬದಿಗೆ ವೆಂಕಟ ಎಂಬವನ ಚಿರೇಕಲ್ಲಿನ ಗಟ್ಟಿ ಮನೆ, ಅಲ್ಲಿಂದ ಶುರು ಮಾಡಿ ಕಡಲ ಕಡೆಗೆ ಇಳಿಯುತ್ತ ಹೋದೆವು. ದುರ್ಗಪ್ಪನವರಿಗೆ ಜಿಪಿಎಸ್ಸಿನ ಅಗತ್ಯವೇ ಇರಲಿಲ್ಲ. ಯಾರ ಮನೆಗೆ ಯಾವಾಗ ಹಂಚು ಹೊದಿಸಿದರು, ಯಾರ ಮಗಳನ್ನು ಮಾವಿನಕುರ್ವೆಗೆ ಕೊಟ್ಟಿದೆ, ಎಲ್ಲ ಬಾಯಲ್ಲಿ. ಕೈಯಲ್ಲಿ ಮಾತ್ರ ಯಂತ್ರವನ್ನು ತಲೆಕೆಳಗಾಗಿ ಹಿಡಿದಿದ್ದರು.

ಕೊನೆಯ ಮನೆ ತಿಮ್ಮಿಯದು. ಮಣ್ಣಿನ ಗೋಡೆ, ಕಡಲಿಗೆ ಇಪ್ಪತ್ತೊಂಬತ್ತು ಹೆಜ್ಜೆ, ನಾನೇ ಎಣಿಸಿದೆ. ತಿಮ್ಮಿ ನೀರಿನಲ್ಲಿ ಒಂದು ಕಡೆ ಬೆರಳು ತೋರಿಸಿ, “ಅಲ್ಲಿ ನಮ್ ಬಾವಿ ಇತ್ತು. ನಾ ಮದ್ವೆ ಆಗಿ ಬಂದಾಗ ಅಲ್ಲಿಂದ ನೀರ್ ತಂದದ್ದು,” ಎಂದಳು. ಅಲ್ಲಿ ಈಗ ಅಲೆ ಮುರಿಯುತ್ತದೆ. ಅವಳ ಗಂಡ ಮಾಬ್ಲ ಮೂರು ವರ್ಷದ ಹಿಂದೆ ದೋಣಿಯಿಂದ ಬಿದ್ದು ಬೆನ್ನು ಮುರಿದುಕೊಂಡವನು, ಅಂದಿನಿಂದ ಮಂಚದ ಮೇಲೆ. ನಮ್ಮನ್ನು ನೋಡಿ ನಕ್ಕ.

“ಕಡಲಿಗೆ ಕಾಲ್ ಅದೆ ಮಾಸ್ತರ್ರೆ, ಓಡಿ ಬತ್ತದೆ. ನಂಗೆ ಓಡೂಕೆ ಆಗೂದಿಲ್ಲ. ಏನಾರೂ ಮಾಡಿ.”

ತಿಮ್ಮಿ ನನ್ನ ಕೈಯಲ್ಲಿದ್ದ ಯಂತ್ರವನ್ನೇ ನೋಡುತ್ತಿದ್ದಳು. “ಎಂತ ಮಾಸ್ತರ್ರೆ, ನಮ್ ಮನೆ ಆ ಡಬ್ಬಿ ಒಳಗೆ ಬಂತಾ?”

“ಬಂತು. ನಿಮ್ಮದೇ ಮೊದಲು ಬರುತ್ತದೆ ನೋಡು. ಮಳೆ ಬೀಳುವುದರೊಳಗೆ ಇಲ್ಲಿ ಕಲ್ಲು ಬೀಳುತ್ತದೆ,” ಎಂದೆ. ಹಾಗೆ ಹೇಳಲು ನನಗೆ ಅಧಿಕಾರವಿಲ್ಲ, ಗೊತ್ತು. ಆದರೆ ಲೆಕ್ಕ ಗೊತ್ತಿದೆಯಲ್ಲ! ಮೂರು ತಾಲೂಕಿನಲ್ಲಿ ಇದಕ್ಕಿಂತ ಅಪಾಯದ ಕೇರಿ ಇನ್ನೊಂದಿಲ್ಲ. ತಿಮ್ಮಿ ಬೆಲ್ಲದ ಚಹಾ ಕೊಟ್ಟಳು. ಸಂತೋಷವಾಯಿತು. ಬಹಳ ವರ್ಷಗಳ ಮೇಲೆ ನನ್ನ ವಿದ್ಯೆ ಯಾರಿಗೋ ಉಪಯೋಗಕ್ಕೆ ಬಂತು ಅನ್ನಿಸಿತು.

೨೦ ಫೆಬ್ರವರಿ, ಶುಕ್ರವಾರ. ಕುಮಟಾ

ಮಾಲಿನಿ ಮೇಡಂ ಕಾರವಾರದಿಂದ ಬಂದಿದ್ದರು. ಇಡೀ ಯೋಜನೆಯ ಮುಖ್ಯಸ್ಥೆ ಅವರೇ. ಪಾಠದ ನಡುವೆ ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂತು ಕೇಳಿದರು. ಹೊರಡುವಾಗ, ಜೂನಿನಿಂದ ಕರಾವಳಿಯ ಮೂರು ಜಿಲ್ಲೆಗೆ ಒಬ್ಬ ಸಂಯೋಜಕರನ್ನು ಕಾಯಂ ತೆಗೆದುಕೊಳ್ಳುತ್ತಾರೆ, ನಿಮ್ಮ ಹೆಸರು ಕಳಿಸುತ್ತೇನೆ ಎಂದರು. ಅವರು ಹೋದ ಮೇಲೆ ಥ್ಯಾಂಕ್ಸ್ ಹೇಳಲು ಮರೆತದ್ದು ನೆನಪಾಯಿತು.

ಮನೆಗೆ ಬಂದು ಹೆಂಡತಿ ರೇಖಾಳಿಗೆ ಹೇಳಿದೆ. ಅವಳು ಒಗ್ಗರಣೆಯ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. “ಕೈಗೆ ಕಾಗದ ಬರುವವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡಿ,” ಎಂದಳು. ನನಗೆ ನಲವತ್ತಾರು. ಕಾಯಂ ಎಂಬ ಶಬ್ದವನ್ನು ನನ್ನ ಹೆಸರಿನ ಜೊತೆ ಇದುವರೆಗೆ ಯಾರೂ ಹೇಳಿದ್ದಿಲ್ಲ.

೧೦ ಮಾರ್ಚ್, ಮಂಗಳವಾರ. ಹೊನ್ನಾವರ

ಎಲ್ಲ ಪಟ್ಟಿ ಬಂದವು. ಭಟ್ಕಳದ್ದು ಅರೆಬರೆ. ಎಲ್ಲಕ್ಕಿಂತ ಚೊಕ್ಕ ಯಾರದು ಎಂದರೆ ದುರ್ಗಪ್ಪ ನಾಯ್ಕರದು! ಒಂದು ಕಾಲಮ್ಮು ಖಾಲಿ ಇಲ್ಲ, ತಪ್ಪೆಂದು ಒಂದು ಸಾಲೂ ಕೆಂಪಾಗಿಲ್ಲ. ಒಂದೇ ಬೆರಳಿನಲ್ಲಿ ಕುಟ್ಟಿದ್ದಂತೆ, ಹದಿನೆಂಟು ದಿನ. ಎಲ್ಲರ ಎದುರು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆ.

“ನೀವ್ ಹೇಳ್ದಾಂಗೆ ಮಾಡ್ದೆ ಮಾಸ್ತರ್ರೆ. ಎರಡೆರಡ್ ಸಲ ಬಂದ್ ನಂಬರೆಲ್ಲಾ ಆ ಗುಂಡಿ ಒತ್ತಿ ತೆಗ್ದೆ,” ಎಂದರು, ಪರೀಕ್ಷೆ ಪಾಸಾದವರ ಮುಖ ಮಾಡಿಕೊಂಡು. ಸಂಜೆಯೇ ಮೂರು ತಾಲೂಕಿನದನ್ನೂ ಸೇರಿಸಿ, ‘ಪರಿಶೀಲಿಸಿದೆ’ ಎಂದು ಸಹಿ ಹಾಕಿ ಕಾರವಾರಕ್ಕೆ ಕಳಿಸಿದೆ.

೬ ಏಪ್ರಿಲ್, ಸೋಮವಾರ. ಕುಮಟಾ

ಐದು ಕೇರಿಗಳ ಪಟ್ಟಿ ಬಂತು. ಅಳಿವೆಕೇರಿ ಅದರಲ್ಲಿಲ್ಲ.

ಮೊದಲು ಯಾರೋ ಕೈ ಆಡಿಸಿದ್ದಾರೆ ಎಂದುಕೊಂಡೆ. ಯಾವ ಪುಢಾರಿ ಇರಬಹುದು ಎಂದು ಬೈದುಕೊಳ್ಳುತ್ತ ಕಡತ ತೆಗೆದೆ. ಅಳಿವೆಕೇರಿ: ಮನೆಗಳು, ಒಂದು. ಗೋಡೆ, ಕಲ್ಲು. ಅಪಾಯ, ಕಡಿಮೆ.

ನಲವತ್ಮೂರು ಮನೆಯೂ ಇರುವುದು ಸರಕಾರದ ಒಂದೇ ಸರ್ವೆ ನಂಬರಿನಲ್ಲಿ, ಇನ್ನೂರ ಹನ್ನೊಂದು. ದುರ್ಗಪ್ಪನವರು ನಾನು ಹೇಳಿದ ಹಾಗೆ ನಲವತ್ಮೂರು ಸಾಲಿಗೂ ಅದನ್ನೇ ಬರೆದಿದ್ದಾರೆ. ಆಮೇಲೆ, ಅದೂ ನಾನು ಹೇಳಿದ ಹಾಗೆಯೇ, ಗುಂಡಿ ಒತ್ತಿದ್ದಾರೆ. ಯಂತ್ರ ಮೊದಲನೆಯದನ್ನು ಉಳಿಸಿಕೊಂಡಿದೆ, ರಸ್ತೆ ಬದಿಯ ವೆಂಕಟನ ಮನೆ. ಉಳಿದ ನಲವತ್ತೆರಡನ್ನು ನುಂಗಿದೆ. ಚುಕ್ಕಿಗಳೂ ಅವುಗಳ ಜೊತೆಗೇ ಹೋಗಿವೆ. ಮೂರು ತಾಲೂಕಿನಲ್ಲಿ ಎಲ್ಲರ ಮನೆಗೂ ಪಹಣಿ ಇರುತ್ತದೆ, ನಂಬರ್ ಇರುತ್ತದೆ ಎಂದುಕೊಂಡು ಪಾಠ ಮಾಡಿದವನು ನಾನು. ಅದನ್ನು ಮೊದಲ ದಿನವೇ ಕೈ ಎತ್ತಿ ಕೇಳಿದವರನ್ನು ನಗೆಪಾಟಲು ಮಾಡಿದವನೂ ನಾನೇ.

ನನಗೆ ನಾಚಿಕೆಯಾಗುತ್ತಿದೆ. ಊಟ ಸೇರಲಿಲ್ಲ. ನಾಳಿದ್ದು ಕಾರವಾರಕ್ಕೆ ಹೋಗಿ ಎಲ್ಲವನ್ನೂ ಹೇಳುತ್ತೇನೆ. ಪತ್ರ ಬರೆದೂ ಆಯಿತು: ತಪ್ಪು ನನ್ನದು, ಇನ್ನೂ ಹೊತ್ತು ಮೀರಿಲ್ಲ, ಪಟ್ಟಿ ತಿದ್ದಬೇಕು.

೮ ಏಪ್ರಿಲ್, ಬುಧವಾರ. ಕಾರವಾರದಿಂದ ವಾಪಸು ಬಂದ ಮೇಲೆ

ಮಾಲಿನಿ ಮೇಡಂ ಒಳ್ಳೆಯವರು. ಪೂರ್ತಿ ಕೇಳಿದರು, ಮಧ್ಯೆ ಬಾಯಿ ಹಾಕಲಿಲ್ಲ. ಚುನಾವಣೆ ಇದೆ, ಆದರೂ ತಿದ್ದುಪಡಿ ಎಂದು ಕಳಿಸಿದರೆ ತೆಗೆದುಕೊಳ್ಳಬಹುದು ಎಂದರು.

“ಬರೆದು ಕೊಡಿ, ನಾನು ಕಳಿಸುತ್ತೇನೆ. ಆದರೆ ಗುರುದತ್ತ ಅವರೆ, ಬರೆಯುವಾಗ ಯೋಚಿಸಿ. ತರಬೇತಿಯೇ ತಪ್ಪು ಎಂದು ತರಬೇತುದಾರರೇ ಬರೆದುಕೊಟ್ಟ ಮೇಲೆ ಆ ಹೆಸರನ್ನು ನಾನು ಸಂಯೋಜಕ ಹುದ್ದೆಗೆ ಕಳಿಸಲಿಕ್ಕೆ ಆಗುವುದಿಲ್ಲ. ಇದು ಹೆದರಿಸುವ ಮಾತಲ್ಲ, ಇದ್ದದ್ದು ಹೇಳಿದೆ.”

ಪತ್ರ ಚೀಲದಲ್ಲೇ ಇತ್ತು. ಭಾಷೆ ಸ್ವಲ್ಪ ಒರಟಾಗಿತ್ತು, ತಿದ್ದಿ ಕಳಿಸುತ್ತೇನೆ ಎಂದು ಹೇಳಿ ಎದ್ದು ಬಂದೆ. ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿದೆ.

೨೫ ಏಪ್ರಿಲ್, ಶನಿವಾರ. ಕುಮಟಾ

ಬೆಳಿಗ್ಗೆ ಬಾಗಿಲಲ್ಲಿ ತಿಮ್ಮಿ. ಹೊನ್ನಾವರದಿಂದ ಬಸ್ಸಿನಲ್ಲಿ ಮೀನು ಬುಟ್ಟಿ ತಂದು ಕುಮಟಾದಲ್ಲಿ ಮಾರಿ, ಕೇಳುತ್ತ ಕೇಳುತ್ತ ಮನೆ ಹುಡುಕಿಕೊಂಡು ಬಂದಿದ್ದಾಳೆ. ರೇಖಾಳ ಕೈಗೆ ಬಾಳೆಲೆಯಲ್ಲಿ ಸುತ್ತಿದ ಬಂಗಡೆ ಕೊಟ್ಟಳು. ಬೇಡವೆಂದರೂ ಕೇಳಲಿಲ್ಲ.

“ಬೇರೆ ಕೇರಿಲೆಲ್ಲ ಅಳತೆ ಮಾಡೂಕೆ ಬಂದ್ರಂತೆ. ನಮ್ಮಲ್ಲಿಗೆ ಯಾರೂ ಬರ್ಲಿಲ್ಲ. ಎಂತ ಆತು ಮಾಸ್ತರ್ರೆ?”

“ಕಾಗದ ಮೇಲೆ ಹೋಗಿದೆ ತಿಮ್ಮಿ. ಮೇಲಿನಿಂದ ಬರಬೇಕು,” ಎಂದೆ.

“ನೀವ್ ಹೇಳ್ದ ಮೇಲೆ ಬತ್ತದೆ ಬಿಡಿ. ನಮ್ಮವ್ರಿಗೆ ಹೇಳ್ತೆ,” ಎಂದು ಹೊರಟಳು. ರೇಖಾ ಮೀನು ಸಾರು ಮಾಡಿದಳು. ಒಳ್ಳೆಯ ಮೀನು, ತಾಜಾ.

೧೨ ಮೇ, ಮಂಗಳವಾರ. ಕುಮಟಾ

ಸುಡು ಮಧ್ಯಾಹ್ನ ದುರ್ಗಪ್ಪನವರು ಬಂದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ತಿಮ್ಮಿ ಅವರನ್ನೂ ಕೇಳಿದ್ದಾಳೆ. ಇವರು ತಾಲೂಕು ಕಚೇರಿಗೆ ಹೋಗಿ ನಕಾಶೆ ಬಿಡಿಸಿ ನೋಡಿದ್ದಾರೆ. ಅಳಿವೆಕೇರಿಯಲ್ಲಿ ಒಂದೇ ಚುಕ್ಕಿ.

“ನಂದೇ ತಪ್ಪು, ಮಾಸ್ತರ್ರೆ. ಮೂವತ್ತಾರ್ ವರ್ಷ ನೌಕ್ರಿ ಮಾಡ್ದೆ. ಅಲ್ಲಿ ನಲ್ವತ್ಮೂರು ಮನೆ ಅದೆ ಅಂತ ನಿದ್ದೆಲಿ ಎಬ್ಬಿಸಿ ಕೇಳ್ದರೂ ಹೇಳ್ವವ ನಾನು. ಗುಂಡಿ ಒತ್ತಿದ ಮೇಲೆ ಒಂದ್ಸಲ ಎಣಿಸಿ ನೋಡ್ಬೇಕು ಅಂತ ಹೊಳೀಲಿಲ್ಲ. ಯಂತ್ರ ಅಲ್ವಾ, ನಂಗಿಂತ ಬುದ್ಧಿ ಇದ್ದದ್ದು ಅಂತ ಮಾಡ್ದೆ.”

ತಪ್ಪು ನಿಮ್ಮದಲ್ಲ, ನನ್ನದು ಎಂದು ಹೇಳಬೇಕಿತ್ತು. ಅವರು ತಂದ ಕಾಗದ ಬಿಡಿಸಿದೆ.

ನಲವತ್ಮೂರು ಸಾಲನ್ನೂ ಅವರು ಮತ್ತೆ ಕುಟ್ಟಿ ತಂದಿದ್ದಾರೆ, ಈ ಸಲ ಇನ್ನೂರ ಹನ್ನೊಂದರ ಮುಂದೆ ಒಂದು, ಎರಡು, ಮೂರು ಎಂದು ಬೇರೆ ಬೇರೆ ಅಂಕೆ ಹಾಕಿ. ಯಾರೂ ಹೇಳಿಕೊಟ್ಟದ್ದಲ್ಲ, ತಾವೇ ಯೋಚಿಸಿದ್ದು. ಸರಿಯಾಗಿದೆ. ನಾನು ಜನವರಿಯಲ್ಲಿ ಹೇಳಬೇಕಾಗಿದ್ದದ್ದೇ ಅದು. ಜೊತೆಗೆ ‘ತಪ್ಪು ನನ್ನದು’ ಎಂದು ಅರ್ಜಿ. ತರಬೇತುದಾರರ ದೃಢೀಕರಣ ಇಲ್ಲದೆ ತಿದ್ದಿದ ಪಟ್ಟಿ ತೆಗೆದುಕೊಳ್ಳುವುದಿಲ್ಲ ಎಂದು ಕಚೇರಿಯಲ್ಲಿ ಹೇಳಿದ್ದಾರೆ.

“ನಿಮ್ದೊಂದ್ ಸಹಿ ಬೇಕು. ನಿಮ್ ಹೆಸ್ರಿಗೆ ಎಂತದೂ ಬರೂದಿಲ್ಲ, ಎಲ್ಲ ನನ್ ಮೇಲೇ ಬರ್ದಿದ್ದೆ.”

“ಪರಿಶೀಲಿಸಬೇಕು. ಇಟ್ಟು ಹೋಗಿ,” ಎಂದೆ.

ಇಂದಿನ ತಾರೀಖು ಹಾಕಿ ಸಹಿ ಮಾಡಿದರೆ, ಮೊದಲ ಸಲ ‘ಪರಿಶೀಲಿಸಿದೆ’ ಎಂದು ಬರೆದಾಗ ಏನು ನೋಡಿದಿರಿ ಎಂದು ಕೇಳುತ್ತಾರೆ. ನೇಮಕದ ಕಾಗದ ಬೆಂಗಳೂರಿನಲ್ಲಿದೆಯಂತೆ, ಹತ್ತು ದಿನದ ಮಾತು. ಅದು ಬಂದ ಮರುದಿನವೇ ಸಹಿ ಹಾಕಿ ನಾನೇ ಕೊಂಡೊಯ್ದು ಕೊಡುತ್ತೇನೆ. ಸಂಯೋಜಕನ ಸಹಿಗೆ ಬೆಲೆಯೂ ಹೆಚ್ಚು. ದುರ್ಗಪ್ಪನವರಿಗೆ ರೇಖಾ ಮಜ್ಜಿಗೆ ಕೊಟ್ಟಳು.

೨೧ ಮೇ, ಗುರುವಾರ

ದುರ್ಗಪ್ಪನವರ ಫೋನು. ಪರಿಶೀಲನೆಯಲ್ಲಿದೆ ಎಂದೆ.

೨೬ ಮೇ, ಮಂಗಳವಾರ

ಮತ್ತೆ ಫೋನು. ರೇಖಾಳ ಕೈಯಲ್ಲಿ ಇಲ್ಲ ಎನ್ನಿಸಿದೆ. “ಮುಂದಿನ ಸಲ ನೀವೇ ಎತ್ತಿ,” ಎಂದು ಅವಳು ಒಳಗೆ ಹೋದಳು.

೧ ಜೂನ್, ಸೋಮವಾರ

ಕಾಗದ ಬಂತು! ‘ಸಂಯೋಜಕರು, ಕರಾವಳಿ ಜಿಲ್ಲೆಗಳು.’ ಎರಡು ಸಲ ಓದಿದೆ. ರೇಖಾ ಪಾಯಸ ಮಾಡಿದಳು, ದೇವರ ಮುಂದೆ ಕಾಗದ ಇಟ್ಟಳು. ಸಾಯಂಕಾಲ ಇಬ್ಬರೂ ಧಾರೇಶ್ವರಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದೆವು. ಕಡಲು ಕೆಂಪಾಗಿ ಮೇಲೇರಿತ್ತು, ಗಾಳಿ ಜೋರು. ಪಟ್ಟಿಯಲ್ಲಿದ್ದ ಐದು ಕೇರಿಗಳಲ್ಲಿ ಕಲ್ಲು ಇಳಿಸಿದ್ದಾರೆ ಎಂದು ಬರುವಾಗ ಯಾರೋ ಹೇಳಿದರು.

ದುರ್ಗಪ್ಪನವರ ಕಾಗದ ಮೇಜಿನ ಡ್ರಾಯರಿನಲ್ಲೇ ಇದೆ. ಈಗ ಕಳಿಸಿದರೂ ಈ ಮಳೆಗಾಲಕ್ಕೆ ಉಪಯೋಗವಿಲ್ಲ. ಮುಂದಿನ ವರ್ಷದ ಪಟ್ಟಿಗೆ ಸೇರಿಸಿದರೆ ಸರಿಯಾದ ಕ್ರಮವಾಗುತ್ತದೆ.

೨೪ ಜೂನ್, ಬುಧವಾರ

ಅಳಿವೆಕೇರಿಯಲ್ಲಿ ಹನ್ನೊಂದು ಮನೆ ಹೋದವು.

ಬೆಳಿಗ್ಗೆ ಎಂಟು ಗಂಟೆಗೆ ಕಡಲಿನ ಭರತ, ಉಬ್ಬರ, ಏರುವಾಗ ಶುರುವಾಗಿ ಹತ್ತರೊಳಗೆ ಮುಗಿಯಿತಂತೆ. ಮೊದಲು ತಿಮ್ಮಿಯದು. ಮಾಬ್ಲನನ್ನು ಬಾಗಿಲ ಹಲಗೆ ಕಿತ್ತು ಅದರ ಮೇಲೆ ಮಲಗಿಸಿ, ಸೊಂಟದ ಮಟ್ಟದ ನೀರಿನಲ್ಲಿ ಹೊತ್ತು ತಂದರು. ಹೊತ್ತ ನಾಲ್ವರಲ್ಲಿ ದುರ್ಗಪ್ಪನವರು ಒಬ್ಬರು. ಆ ವಯಸ್ಸಿನಲ್ಲಿ! ಹಿಂದಿನ ದಿನದ ಗಾಳಿ ನೋಡಿ ಬೆಳಗಾಗುವ ಮೊದಲೇ ಅಲ್ಲಿಗೆ ಹೋಗಿದ್ದರಂತೆ. ಎಲ್ಲರನ್ನೂ ಶಾಲೆಯಲ್ಲಿ ಇರಿಸಿದ್ದಾರೆ.

ನನಗೆ ಇದನ್ನೆಲ್ಲ ತಾಲೂಕು ಕಚೇರಿಯಿಂದ ಫೋನಿನಲ್ಲಿ ಹೇಳಿದರು. ಪರಿಹಾರಕ್ಕೆ ಮನೆಗಳ ಪಟ್ಟಿ ಬೇಕು ಎಂದು ನಮ್ಮ ಪಟ್ಟಿಯನ್ನೇ ತೆಗೆದರಂತೆ. ಅಲ್ಲಿ ಒಂದೇ ಮನೆ. ಅದು ವೆಂಕಟನದು, ಅದಕ್ಕೆ ಒಂದು ಹಂಚೂ ಹೋಗಿಲ್ಲ. ಹನ್ನೊಂದು ಮನೆ ಬಿದ್ದಿವೆ ಎಂದು ಹೇಗೆ ಬರೆಯುವುದು ಸರ್, ಅಲ್ಲಿ ಇದ್ದದ್ದೇ ಒಂದಲ್ಲವೆ ಎಂದು ಆ ಗುಮಾಸ್ತ ಕೇಳಿದ. ಫೋನು ಇಟ್ಟೆ.

೬ ಜುಲೈ, ಸೋಮವಾರ

ಮಾಬ್ಲ ನಿನ್ನೆ ತೀರಿಕೊಂಡ. ಶಾಲೆಯ ಸಿಮೆಂಟು ನೆಲ, ತಂಡಿ, ಜ್ವರ ಎದೆಗಿಳಿಯಿತು. ನಾನು ಹೋಗಲಿಲ್ಲ. ಉಡುಪಿಯಲ್ಲಿ ಸಭೆಯಿತ್ತು.

೯ ಜುಲೈ, ಗುರುವಾರ. ಕಾರವಾರ

ವಿಚಾರಣೆಗೆ ಕರೆದಿದ್ದರು. ಒಬ್ಬ ಅಧಿಕಾರಿ, ಒಬ್ಬ ಬೆರಳಚ್ಚುಗಾರ. ಎದುರಿಗೆ ದುರ್ಗಪ್ಪನವರ ಹೇಳಿಕೆ, ಅವರದೇ ಕೈಬರಹ: ತಪ್ಪು ನನ್ನದು. ನನ್ನ ಸಹಿಗೆ ಕಾದಿದ್ದರ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ. ಹುಡುಕಿ ಹುಡುಕಿ ಓದಿದೆ, ಇಲ್ಲ.

“ತರಬೇತಿಯಲ್ಲಿ ಲೋಪವಿತ್ತೆ?” ಎಂದು ಅಧಿಕಾರಿ ಕೇಳಿದರು.

‘ತರಬೇತಿಯನ್ನು ನಿಗದಿತ ಪಠ್ಯಕ್ರಮದಂತೆ ನೀಡಲಾಗಿದೆ. ದತ್ತಾಂಶ ನಮೂದಿಸುವ ಹಂತದಲ್ಲಿ ಲೋಪ ಸಂಭವಿಸಿರುವುದು ಕಂಡುಬರುತ್ತದೆ’ ಎಂದು ಬರೆದುಕೊಟ್ಟೆ. ಇದರಲ್ಲಿ ಸುಳ್ಳು ಒಂದೂ ಇಲ್ಲ.

೨೧ ಜುಲೈ, ಮಂಗಳವಾರ

ದುರ್ಗಪ್ಪ ನಾಯ್ಕರನ್ನು ಅಮಾನತು ಮಾಡಲಾಗಿದೆ.

೨ ಆಗಸ್ಟ್, ಭಾನುವಾರ. ಕಾಸರಕೋಡ

ರೇಖಾ ಮೂರು ದಿನದಿಂದ ಹೇಳುತ್ತಿದ್ದಳು, ಒಮ್ಮೆ ಆ ಹೆಂಗಸನ್ನು ನೋಡಿ ಬನ್ನಿ ಎಂದು. ಕೊನೆಗೆ ಅಕ್ಕಿ, ಎರಡು ಕಂಬಳಿ ಅವಳೇ ಕಟ್ಟಿಕೊಟ್ಟಳು. ಹೋದೆ.

ಮಳೆಯ ರಜೆ ಮುಗಿದು ಮತ್ತೆ ಶಾಲೆ ಶುರುವಾದ್ದರಿಂದ ಅವರನ್ನು ಮೀನು ಒಣಗಿಸುವ ಶೆಡ್ಡಿಗೆ ಕಳಿಸಿದ್ದಾರೆ. ಹನ್ನೊಂದು ಕುಟುಂಬ, ನಡುವೆ ಹಳೆಯ ಸೀರೆಗಳ ಅಡ್ಡಗೋಡೆ. ನೆಲವೆಲ್ಲ ಒದ್ದೆ. ತಿಮ್ಮಿಯ ಬೋಳು ಹಣೆ ನೋಡಿ ನಾನು ಕಂಬಳಿ ಮುಂದೆ ಹಿಡಿದು ನಿಂತುಬಿಟ್ಟೆ. ಅವಳೇ ಮಣೆ ಕೊಟ್ಟು ಕೂರಿಸಿದಳು.

ಮೂಲೆಯಲ್ಲಿ ದುರ್ಗಪ್ಪನವರು ಕೂತಿದ್ದರು. ಅಮಾನತಾದವರು, ಕಚೇರಿಗೆ ಕಾಲಿಡುವಂತಿಲ್ಲ. ದಿನಾ ಇಲ್ಲಿಗೆ ಬಂದು ಹೋಗುತ್ತಾರಂತೆ. ಯಾರೂ ಅವರ ಹತ್ತಿರ ಮಾತಾಡುವುದಿಲ್ಲ, ಅವರೂ ಆಡುವುದಿಲ್ಲ. ಸೋರುವ ಕಡೆ ಪಾತ್ರೆ ಇಡುತ್ತಾರೆ, ತುಂಬಿದರೆ ಚೆಲ್ಲಿ ಬರುತ್ತಾರೆ.

“ಅವ್ರನ್ನ ನೋಡಿ,” ತಿಮ್ಮಿ ದನಿ ತಗ್ಗಿಸಲಿಲ್ಲ. “ಮೂವತ್ತಾರ್ ವರ್ಷ ನಮ್ಮನೆ ಚಾ ಕುಡಿದ್ರು. ನಮ್ಮನ್ನ ಅಳ್ಸಿ ಹಾಕಿದ್ರು. ನೀವೊಬ್ರು ಬಂದು ಹೆಜ್ಜೆ ಎಣಿಸಿ ಹೋದ್ರಿ. ಅವ್ರು ಬರ್ದದ್ದು ಸರಿ ಇದ್ದಿದ್ರೆ ನಮ್ಮವ್ರು ಇರ್ತಿದ್ರು.”

ದುರ್ಗಪ್ಪನವರು ತಲೆ ಎತ್ತಿ ನನ್ನನ್ನು ನೋಡಿದರು. ಈಗ ಹೇಳುತ್ತಾರೆ ಎಂದುಕೊಂಡೆ. ಹೇಳಲಿ, ದೇವರೆ, ಹೇಳಿಬಿಡಲಿ ಎಂದೂ ಅನ್ನಿಸಿತು. ಅವರು ಹೇಳಲಿಲ್ಲ.

“ಮಾಸ್ತರ್ರೆ, ಒಂದ್ ದೂರು ಬರ್ದು ಕೊಡಿ,” ಎಂದಳು ತಿಮ್ಮಿ. “ನಮ್ಗೆ ಬರೆಯೂಕೆ ಬರೂದಿಲ್ಲ. ಅವ್ರೇ ನಮ್ ಮನೆ ತೆಗ್ದದ್ದು ಅಂತ, ಡೀಸಿ ಸಾಹೇಬ್ರಿಗೆ.”

ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ಈಗ ನೆನಪಾಗುತ್ತಿಲ್ಲ. ಅಷ್ಟರಲ್ಲಿ ದುರ್ಗಪ್ಪನವರೇ ಎದ್ದು ಬಂದರು.

“ಬರೀರಿ ಮಾಸ್ತರ್ರೆ. ನಾ ಬರ್ದ ಅರ್ಜಿಗೆಲ್ಲ ಅಮಾನತಾದವನದು ಅಂತ ಕಿಮ್ಮತ್ತಿಲ್ಲ. ನನ್ ಮೇಲೆ ದೂರು ಅಂತ ಹೋದ್ರೆ ಕಡತ ಎದ್ದು ಕೂಡ್ತದೆ. ಅಲ್ಲಿ ನಲ್ವತ್ಮೂರು ಮನೆ ಇತ್ತು ಅಂತ ಅವ್ರು ಒಪ್ಪಲೇಬೇಕು, ಇಲ್ದಿದ್ರೆ ನಾ ಅಳ್ಸಿದ್ದು ಎಂತದನ್ನ? ಇವ್ರಿಗೆ ಪರಿಹಾರ ಬತ್ತದೆ.” ನನ್ನ ಕಡೆ ಬಗ್ಗಿ ಮೆಲ್ಲಗೆ, “ಯಾರ ಹೆಸ್ರು ಹಾಕಿ ಬರಿಯೂದಾದ್ರೂ ಆಗ್ಲಿ. ಬರೀರಿ,” ಎಂದರು.

ಯಾರ ಹೆಸರು ಹಾಕಿದರೂ, ನನ್ನದು ಹಾಕಿದರೂ, ಕಡತ ಏಳುತ್ತಿತ್ತು. ಅದನ್ನು ಅವರು ನನಗೆಂದೇ ಹೇಳಿದರು, ಹೇಳಿ ಪಾತ್ರೆ ಚೆಲ್ಲಲು ಹೊರಗೆ ಹೋದರು. ನನಗೆ ಸಾಕಷ್ಟು ಹೊತ್ತು ಕೊಟ್ಟರು.

ಬಿಳಿ ಹಾಳೆ ತರಿಸಿದೆ. ‘ಗ್ರಾಮಲೆಕ್ಕಿಗ ದು. ನಾಯ್ಕ ಇವರ ಅಕ್ಷಮ್ಯ ನಿರ್ಲಕ್ಷ್ಯದಿಂದ’ ಎಂದು ಶುರು ಮಾಡಿದೆ. ಒಂದೂವರೆ ಪುಟವಾಯಿತು. ಅಚ್ಚುಕಟ್ಟಾಗಿ ಬಂತು, ಒಂದು ಕಡೆಯೂ ಹೊಡೆದು ಹಾಕಬೇಕಾಗಲಿಲ್ಲ. ಎಲ್ಲರಿಗೂ ಓದಿ ಹೇಳಿದೆ. ಹೆಂಗಸರು ಕಣ್ಣೊರೆಸಿಕೊಂಡರು. ತಿಮ್ಮಿ ಮೊದಲು ಹೆಬ್ಬೆಟ್ಟು ಒತ್ತಿದಳು, ಆಮೇಲೆ ಉಳಿದ ಮನೆಗಳವರು ಒಬ್ಬೊಬ್ಬರಾಗಿ.

ಕೊನೆಯಲ್ಲಿ ತಿಳಿದವರು ಯಾರಾದರೂ ಸಾಕ್ಷಿ ಹಾಕಿದರೆ ತೂಕ ಬರುತ್ತದೆ ಎಂದು ಯಾರೋ ಹೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ದುರ್ಗಪ್ಪನವರು ಬಾಗಿಲಲ್ಲಿ ಖಾಲಿ ಪಾತ್ರೆ ಹಿಡಿದು ನಿಂತಿದ್ದರು. ಅವರೂ ನೋಡುತ್ತಿದ್ದರು.

ಸಹಿ ಹಾಕಿದೆ. ಕೆಳಗೆ ‘ಸಂಯೋಜಕರು, ಕರಾವಳಿ ಜಿಲ್ಲೆಗಳು’ ಎಂದು ಬರೆದೆ. ತಿಮ್ಮಿ ನನ್ನ ಕಾಲು ಮುಟ್ಟಲು ಬಗ್ಗಿದಳು, ನಾನು ಬೇಡ ಎನ್ನುವುದರೊಳಗೆ ಮುಟ್ಟಿಬಿಟ್ಟಳು.